ಒಂದಂಕಣದ ಮನೆ

“ಗುರುಗಳೇ, ಮನುಷ್ಯನಿಗೆ ಎಷ್ಟು ದೊಡ್ಡ ಮನೆ ಬೇಕು?”

ಕೇಳಿದವನು ಮಹಾಲಿಂಗ. ಸಂಸಾರಸ್ಥನಾದ ಶಿಷ್ಯ. ಊರಿನಲ್ಲಿ ಅವನಿಗೆ ಮನೆ ಕಟ್ಟುವಷ್ಟು ಜಾಗ ದೊರೆತಿತ್ತು. ಬುನಾದಿ ತೆಗೆಸುವ ಮೊದಲು ಮಠಕ್ಕೆ ಬಂದಿದ್ದ.

“ನೀನೇನು ಯೋಚಿಸಿದ್ದೀಯೆ?” ಎಂದರು ಗುರುಗಳು.

“ಒಂದೇ ಅಂಕಣ ಸಾಕೆಂದು ನಿಶ್ಚಯಿಸಿದ್ದೇನೆ. ನಾಲ್ಕು ಗೋಡೆ, ಒಂದು ಬಾಗಿಲು. ಕೋಣೆ ಹೆಚ್ಚಿದಷ್ಟೂ ಆಸೆ ಹೆಚ್ಚು. ಮನೆಮಂದಿಯೆಲ್ಲ ಒಬ್ಬರ ಕಣ್ಣೆದುರು ಒಬ್ಬರು ಇರುವುದಕ್ಕಿಂತ ಬೇರೆ ಸುಖ ಉಂಟೆ?”

ಗುರುಗಳು ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಅವನ ಕೈ ಚೆನ್ನಾಗಿತ್ತು. ಸುತ್ತಲ ಊರುಗಳಲ್ಲಿ ಯಾರೇ ಮನೆ ಕಟ್ಟಿಸಲಿ, ಬಾಗಿಲು ಕೂಡಿಸುವುದಕ್ಕೆ ಅವನನ್ನೇ ಕರೆಯುತ್ತಿದ್ದರು. ಪ್ರಾಯದಲ್ಲಿ ಒಮ್ಮೆ ಒಬ್ಬ ಸಾಹುಕಾರನ ಮನೆಯಲ್ಲಿ ಮೂರು ತಿಂಗಳು ಕೆಲಸ ಮಾಡಿದ. ಆ ಮನೆಗೆ ಹನ್ನೊಂದು ಬಾಗಿಲು. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಕೋಣೆ ಹಿಡಿದು ಒಳಗಿನಿಂದ ಅಗುಳಿ ಹಾಕಿಕೊಂಡಿರುತ್ತಿದ್ದರು. ಒಂದು ದಿನ ಹಿಂದಿನ ಕೋಣೆಯಲ್ಲಿದ್ದ ಅವರ ಮುದಿ ತಂದೆ ತೀರಿಕೊಂಡ. ಮಧ್ಯಾಹ್ನದ ಊಟ ತಂದ ಆಳು ಬೆಳಗಿನ ಗಂಜಿ ಮುಟ್ಟದೆ ಇದ್ದುದನ್ನು ಕಂಡು ಕೂಗಿದಾಗಲೇ ಮನೆಯವರಿಗೆ ತಿಳಿದದ್ದು. ಹೆಣವನ್ನು ಹೊರಗೆ ತರುವಾಗ ಬಡಗಿ ಉಳಿಯನ್ನು ಕೆಳಗಿಟ್ಟು ಎದ್ದು ನಿಂತ. ತನ್ನ ಮನೆಯಲ್ಲಿ ಯಾರೂ ಹೀಗೆ ಯಾರ ಕಣ್ಣಿಗೂ ಬೀಳದೆ ಸಾಯಬಾರದು ಎಂದುಕೊಂಡ.

ಮದುವೆಯಾದ ವರ್ಷ ಅವನು ತನಗಾಗಿ ಮನೆ ಕಟ್ಟಿಕೊಂಡ. ಮರಕ್ಕೆ ಕೊರತೆಯಿರಲಿಲ್ಲ, ಕೈಕೆಲಸಕ್ಕಂತೂ ಮೊದಲೇ ಇರಲಿಲ್ಲ. ಆದರೂ ಒಂದೇ ಅಂಕಣ, ಒಂದೇ ಬಾಗಿಲು. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ನೀರಿನ ಹಂಡೆ, ಗೂಟಕ್ಕೆ ಉಪಕರಣದ ಚೀಲ. ಮುಂದೆ ಒಂದು ಜಗಲಿ. ಅವನ ಮುದಿ ತಾಯಿ, ತಮ್ಮ, ಹೆಂಡತಿ ಮಾನವ್ವ, ಆಮೇಲೆ ಹುಟ್ಟಿದ ಒಂದು ಹೆಣ್ಣು, ಒಂದು ಗಂಡು, ಎಲ್ಲರೂ ಅದರಲ್ಲೇ.

ಆ ಮನೆಯಲ್ಲಿ ಸುಖ ಇರಲಿಲ್ಲವೆಂದು ಯಾರೂ ಹೇಳಲಾರರು. ಒಲೆ ಹಚ್ಚಿದರೆ ಮನೆಯೆಲ್ಲ ಬೆಚ್ಚಗಾಗುತ್ತಿತ್ತು. ನಾಲ್ಕು ಸಲ ಪೊರಕೆ ಆಡಿಸಿದರೆ ಕಸ ಮುಗಿಯಿತು. ಮಗು ಕೆಮ್ಮಿದರೆ ಅಜ್ಜಿಗೆ ಎಚ್ಚರ, ಅಜ್ಜಿ ನರಳಿದರೆ ಸೊಸೆಗೆ ಎಚ್ಚರ. ಊಟಕ್ಕೆ ಯಾರನ್ನೂ ಕೂಗಿ ಕರೆಯಬೇಕಿರಲಿಲ್ಲ. ಬಡಗಿ ಸಂಜೆ ಹೊಸ್ತಿಲ ಮೇಲೆ ಕುಳಿತು ಒಮ್ಮೆ ಒಳಗೆ ಕಣ್ಣಾಡಿಸಿದರೆ ತನ್ನವರೆಲ್ಲ ಕಾಣುತ್ತಿದ್ದರು. ಎಣಿಸಿ ನೋಡಿ, ಎಲ್ಲರೂ ಇದ್ದಾರೆ ಎಂದು ಅವನ ಎದೆ ತಣ್ಣಗಾಗುತ್ತಿತ್ತು. ಮನೆ ಚಿಕ್ಕದಾದರೂ ಮನಸ್ಸು ದೊಡ್ಡದು ಎಂದು ಊರವರು ಅವನನ್ನು ಹೊಗಳುತ್ತಿದ್ದರು. ಅದನ್ನು ಕೇಳುವುದು ಅವನಿಗೂ ಇಷ್ಟವೇ ಆಗಿತ್ತು.

ಆದರೆ ಆ ಮನೆಯಲ್ಲಿ ಇಬ್ಬರೇ ಆಡುವ ಮಾತು ಎಂಬುದಿರಲಿಲ್ಲ. ಗಟ್ಟಿಯಾಗಿ ಆಡಿದರೆ ಎಲ್ಲರಿಗೂ ಕೇಳುತ್ತಿತ್ತು. ಮೆಲ್ಲಗೆ ಆಡಿದರೆ, ನನ್ನ ವಿಷಯವೇ ಇರಬೇಕು ಎಂದು ಉಳಿದವರು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಮಕ್ಕಳು ಬೆಳೆದ ಮೇಲೆ ಗಂಡಸರಿಬ್ಬರೂ ಜಗಲಿಯಲ್ಲಿ ಮಲಗತೊಡಗಿದರು, ಹೆಂಗಸರು ಮಕ್ಕಳು ಒಳಗೆ. ಗಂಡಹೆಂಡಿರು ಒಬ್ಬರನ್ನೊಬ್ಬರು ದಿನವೆಲ್ಲ ನೋಡುತ್ತಿದ್ದರು. ಇಬ್ಬರೇ ಕುಳಿತು ಎಷ್ಟು ಕಾಲವಾಯಿತೆಂದು ಇಬ್ಬರೂ ಲೆಕ್ಕವಿಟ್ಟಿರಲಿಲ್ಲ.

ಮಗಳಿಗೆ ಹತ್ತು ವರ್ಷವಾಗಿದ್ದಾಗ ಒಂದು ದಿನ ಬಡಗಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ. ತಮ್ಮ ಬಾಗಿಲ ಬಳಿ ಬಾಚಿಗೆ ಹೊಸ ಹಿಡಿ ಹಾಕುತ್ತಿದ್ದ. ತಾಯಿ ಗೋಡೆಗೊರಗಿ ಅಕ್ಕಿ ಆರಿಸುತ್ತಿದ್ದಳು. ಮಾನವ್ವ ಗಂಡನಿಗೆ ಸಾರು ಬಡಿಸಿ, ಸೌಟು ಹಿಡಿದುಕೊಂಡು ಹಾಗೇ ನಿಂತಳು.

“ನಿಮ್ಮ ಹತ್ತಿರ ಒಂದು ಮಾತು ಆಡಬೇಕಿತ್ತು” ಎಂದಳು.

“ಆಡು.”

ಅವಳು ಮೈದುನನ ಕಡೆ ನೋಡಿದಳು. ಅತ್ತೆಯ ಕಡೆ ನೋಡಿದಳು. “ಉಂಡ ಮೇಲೆ ಒಂದು ಗಳಿಗೆ ಹೊಳೆ ಕಡೆ ಬರುತ್ತೀರಾ?”

ಮೈದುನ ತಲೆ ಬಗ್ಗಿಸಿ ನಕ್ಕ. ಅತ್ತೆಯೂ ನಕ್ಕಳು. “ಎರಡು ಮಕ್ಕಳಾದ ಮೇಲೆ ಹೊಳೆ ದಂಡೆಯ ಆಸೆ ಬಂತೇನವ್ವ ನಿನಗೆ!” ಎಂದಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಮಾನವ್ವನ ಮುಖ ಕಪ್ಪಿಟ್ಟಿತು. ಬಡಗಿಗೂ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಸ್ವಲ್ಪ ಗಡುಸಾಗಿ ಹೇಳಿದ: “ಏನಿದ್ದರೂ ಇಲ್ಲೇ ಹೇಳು. ಇಲ್ಲಿ ಹೊರಗಿನವರು ಯಾರಿದ್ದಾರೆ?”

“ಏನಿಲ್ಲ. ಎಣ್ಣೆ ಮುಗಿದಿದೆ” ಎಂದಳು ಮಾನವ್ವ.

ಸಂಜೆ ಬಡಗಿ ಎಣ್ಣೆ ತಂದ. ಸುರಿಯಲು ಹೋದರೆ ಗಡಿಗೆಯಲ್ಲಿ ಅರ್ಧಕ್ಕೂ ಮೇಲೆ ಎಣ್ಣೆಯಿತ್ತು. ಅವಳು ಮರೆತಿರಬೇಕು ಎಂದುಕೊಂಡ.

ಆಮೇಲೆ ಒಂದು ತಿಂಗಳು ಕಳೆದಿರಬಹುದು. ಮಾನವ್ವ ಒಂದು ತಡಿಕೆ ಕಟ್ಟಿಕೊಡಿ ಎಂದು ಕೇಳಿದಳು. ಹೆಚ್ಚೇನೂ ಬೇಡ, ಮೂಲೆಯಲ್ಲಿ ಒಬ್ಬಳು ನಿಲ್ಲುವಷ್ಟು ಮರೆ ಸಾಕು, ಬಟ್ಟೆ ಬದಲಿಸುವುದಕ್ಕೆ. ಎಲ್ಲರಿಗೂ ಕೇಳುವಂತೆಯೇ ಕೇಳಿದಳು. ಬೇರೆ ರೀತಿಯಲ್ಲಿ ಕೇಳುವುದು ಅಲ್ಲಿ ಆಗುತ್ತಿರಲಿಲ್ಲ. ಬಡಗಿ ಉತ್ತರ ಕೊಡುವ ಮೊದಲೇ ತಾಯಿ ಹೇಳಿದಳು: “ನಾನು ಇನ್ನೆಷ್ಟು ದಿನ ಇರುತ್ತೇನೆ? ನಾನು ಹೋದ ಮೇಲೆ ಕಟ್ಟಿಕೊಳ್ಳಿ.”

ಬಡಗಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು. ಇವಳು ನನ್ನ ತಾಯಿಗೂ ತನಗೂ ನಡುವೆ ಗೋಡೆ ಕೇಳುತ್ತಿದ್ದಾಳೆ ಎಂದುಕೊಂಡ. ಹನ್ನೊಂದು ಬಾಗಿಲಿನ ಮನೆ ಅವನ ಕಣ್ಣ ಮುಂದೆ ಬಂತು. ಅವನು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದ. ಮಾನವ್ವ ಮತ್ತೆ ಆ ಮಾತೆತ್ತಲಿಲ್ಲ.

ಕೊಡವನ್ನು ಅವಳು ಬಲಸೊಂಟದಿಂದ ಎಡಸೊಂಟಕ್ಕೆ ಬದಲಿಸಿದಳು. ಬಡಗಿ ಅದನ್ನು ನೋಡಿದ. ಮೈಮೇಲೆ ಸೆರಗನ್ನು ಬಿಗಿಯಾಗಿ ಸುತ್ತಿಕೊಳ್ಳತೊಡಗಿದಳು. ಅದನ್ನೂ ನೋಡಿದ. ಒನಕೆ ಹಿಡಿದಾಗ ನಡುನಡುವೆ ನಿಂತು ತುಟಿ ಕಚ್ಚುತ್ತಿದ್ದಳು. ಎಲ್ಲವೂ ಅವನ ಕಣ್ಣೆದುರೇ ನಡೆಯಿತು. ದಿನವೂ ಕಾಣುವುದರಲ್ಲಿ ದಿನಕ್ಕೊಂದು ಕೂದಲೆಳೆಯಷ್ಟು ಬದಲಾದರೆ ಯಾರಿಗೆ ತಿಳಿಯುತ್ತದೆ? ಹೊಸದಾಗಿ ಬಂದ ನೆಂಟರಾಗಿದ್ದರೆ ಒಂದೇ ನೋಟಕ್ಕೆ, ಏನವ್ವ ಹೀಗಾಗಿದ್ದೀಯೆ ಎಂದು ಕೇಳುತ್ತಿದ್ದರೇನೋ. ಆದರೆ ಆ ಮನೆಯಲ್ಲಿ ನೆಂಟರು ಉಳಿಯುವಷ್ಟು ಜಾಗವಿರಲಿಲ್ಲ.

ಮುಂದಿನ ಬೇಸಗೆಯಲ್ಲಿ ಮಾನವ್ವ ಒಂದು ಬೆಳಿಗ್ಗೆ ಏಳಲಿಲ್ಲ. ಮೈ ಸುಡುತ್ತಿತ್ತು. ಮೈಯಿಂದ ಒಂದು ವಾಸನೆ ಬರುತ್ತಿತ್ತು. ಅತ್ತೆ ಸೂಲಗಿತ್ತಿಯನ್ನು ಕರೆಸಿದಳು. ಸೂಲಗಿತ್ತಿ ಬಂದವಳೇ ಮನೆಮಂದಿಗೆಲ್ಲ ಹೊರಗೆ ಹೋಗಿರೆಂದಳು. ಮುದುಕಿಯನ್ನೂ ಬಿಡಲಿಲ್ಲ. ಎಲ್ಲರೂ ಬೀದಿಯಲ್ಲಿ ನಿಂತರು. ಬಡಗಿ ಕಟ್ಟಿದ ಬಾಗಿಲು ಹಗಲಿನಲ್ಲಿ ಮುಚ್ಚಿದ್ದು ಅದೇ ಮೊದಲು.

ಬಹಳ ಹೊತ್ತಿನ ಮೇಲೆ ಸೂಲಗಿತ್ತಿ ಹೊರಗೆ ಬಂದಳು. ಬಡಗಿಯನ್ನು ಬೀದಿಯಂಚಿನ ಬೇವಿನ ಮರದ ಆಚೆಗೆ ಕರೆದುಕೊಂಡು ಹೋದಳು.

“ಎದೆಯಲ್ಲಿ ಗಂಟಪ್ಪ. ಒಡೆದು ಹೋಗಿದೆ. ವರ್ಷದ ಮೇಲಾಯಿತಂತೆ. ಮೊದಲು ಕಡಲೆಕಾಳಿನಷ್ಟು ಇತ್ತಂತೆ.”

“ನನಗೆ ಯಾಕೆ ಹೇಳಲಿಲ್ಲ?”

“ನಾನೂ ಅದನ್ನೇ ಕೇಳಿದೆ. ಎಲ್ಲಿ ಹೇಳಲಿ ಅಂದಳು.”

ಬಡಗಿ ಕೇಳಿದ: “ಮೊದಲೇ ತೋರಿಸಿದ್ದರೆ ಬದುಕುತ್ತಿದ್ದಳೇ?”

“ಅದು ನನಗೆ ಗೊತ್ತಿಲ್ಲಪ್ಪ. ಪಕ್ಕದೂರಿನಲ್ಲಿ ಪಂಡಿತರಿದ್ದಾರೆ, ಲೇಪ ಕೊಡುತ್ತಿದ್ದರು. ಇಷ್ಟು ನೋವನ್ನಂತೂ ಅವಳು ತಿನ್ನುತ್ತಿರಲಿಲ್ಲ. ಈಗ ಅವರೂ ಮಾಡುವಂಥದ್ದೇನಿಲ್ಲ.”

ಬಡಗಿ ಮನೆಗೆ ಹಿಂತಿರುಗಿದ. ಹೆಂಡತಿಗೆ ಹೇಳಬೇಕಾದ ಮಾತು ಅವನ ಗಂಟಲಿಗೆ ಬಂದು ನಿಂತಿತ್ತು. ಇಷ್ಟು ವರ್ಷಗಳಲ್ಲಿ ಅಂಥ ಮಾತು ಅವನಿಗೆ ಬಂದದ್ದೇ ಇಲ್ಲ. ಒಳಗೆ ಹೋಗಿ ನೋಡಿದ. ತಾಯಿ ಸೊಸೆಯ ತಲೆಯ ಬಳಿ ಕುಳಿತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಮಗಳು ಕಾಲು ಒತ್ತುತ್ತಿದ್ದಳು. ಮಗ ತಾಯಿಯ ಪಕ್ಕದಲ್ಲೇ ಮುದುರಿ ಮಲಗಿದ್ದ. ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಎಲ್ಲರೂ ತಲೆಯೆತ್ತಿ ಬಡಗಿಯನ್ನು ನೋಡಿದರು. ಮಾನವ್ವನೂ ನೋಡಿದಳು.

ಅವನು ಅವಳ ಪಕ್ಕದಲ್ಲಿ ಕುಳಿತ. ಬಾಯಿ ತೆರೆದ. ಎಲ್ಲರೂ ಕಾಯುತ್ತಿದ್ದರು.

“ನೀರು ಬೇಕೇ?” ಎಂದ.

“ಬೇಡ” ಎಂದಳು ಮಾನವ್ವ.

ಅವರನ್ನೆಲ್ಲ ಹೊರಗೆ ಕಳಿಸಬಹುದಿತ್ತು. ಸೂಲಗಿತ್ತಿ ಕಳಿಸಿದ್ದನ್ನು ಅವನೇ ನೋಡಿದ್ದ. ಆದರೆ ತಲೆಯ ಬಳಿ ಕುಳಿತ ತಾಯಿಗೆ ಏಳು ಎನ್ನುವುದು ಹೇಗೆ? ಮಗುವನ್ನು ತಾಯಿಯ ಮಗ್ಗುಲಿಂದ ಎಬ್ಬಿಸುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡ. ಮರುದಿನ ಅಕ್ಕಪಕ್ಕದವರು ನೋಡಲು ಬಂದರು. ಅದರ ಮರುದಿನ ಮಾನವ್ವನ ತವರಿನವರು ಬಂದರು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಡಗಿ ಜಗಲಿಯಲ್ಲಿ ಕುಳಿತ. ಐದನೆಯ ದಿನ ಹೊತ್ತು ಏರುವಾಗ, ಎಲ್ಲರೂ ನೋಡುತ್ತಿರುವಂತೆಯೇ ಮಾನವ್ವ ಕಣ್ಣು ಮುಚ್ಚಿದಳು.

ಮಣ್ಣು ಮಾಡಿ ಬಂದ ಮೇಲೆ ತಾಯಿ ಎದೆ ಎದೆ ಬಡಿದುಕೊಂಡಳು. “ನನಗಾದರೂ ಹೇಳಬಹುದಿತ್ತಲ್ಲೋ, ನಾನು ಅವಳಿಗೆ ಹಗೆಯೇ?” ಎಂದು ಅತ್ತಳು. ಬಡಗಿ ತಾಯಿಯ ಮುಖ ನೋಡಿದ. ಅವಳು ಹಗೆಯಾಗಿರಲಿಲ್ಲ. ತಮ್ಮನೂ ಕೆಟ್ಟವನಲ್ಲ. ತಾನೂ ಹೆಂಡತಿಗೆ ಒಂದು ಏಟು ಹೊಡೆದವನಲ್ಲ. ಯಾರ ಮೇಲೆ ಹೊರಿಸೋಣವೆಂದರೂ ತಪ್ಪು ನಿಲ್ಲುವ ಜಾಗ ಅವನಿಗೆ ಸಿಕ್ಕಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಭಾರವಾಯಿತು.

ಬಡಗಿ ಆಮೇಲೆ ಬಹಳ ವರ್ಷ ಬದುಕಿದ. ಕೆಲಸ ಬಿಡಲಿಲ್ಲ. ಮಗಳ ಮದುವೆ ಮಾಡಿದ, ತಾಯಿಯನ್ನು ಕೊನೆಯವರೆಗೂ ನೋಡಿಕೊಂಡ. ಮೊದಲಿನಿಂದಲೂ ಮಾತು ಕಡಿಮೆ, ಈಗ ಇನ್ನೂ ಕಡಿಮೆಯಾಯಿತು ಎಂದರು ಜನ. ಮಾನವ್ವನಿಗೆ ಹೇಳಬೇಕೆಂದಿದ್ದುದನ್ನು ಅವನು ಯಾರಿಗೂ ಹೇಳಲಿಲ್ಲ. ಮುಪ್ಪಿನಲ್ಲಿ ಒಮ್ಮೊಮ್ಮೆ ಅದೇನೆಂದು ನೆನಪು ಮಾಡಿಕೊಳ್ಳಲು ಕೂರುತ್ತಿದ್ದ. ಅಂದು ಗಂಟಲಲ್ಲಿ ಬಂದು ನಿಂತದ್ದು ಮಾತ್ರ ನೆನಪಿತ್ತು. ಮಾತು ನೆನಪಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮಹಾಲಿಂಗ ಕೇಳಿದ: “ಹಾಗಾದರೆ ಗುರುಗಳೇ, ಮೂರು ಅಂಕಣ ಹಾಕಿಸಲೇ?”

“ನಿನ್ನ ಹೆಂಡತಿ ಏನಂದಳು?” ಎಂದರು ಗುರುಗಳು.

ಮಹಾಲಿಂಗ ಅವಳನ್ನು ಕೇಳಿಯೇ ಇರಲಿಲ್ಲ.