ಗಡ್ಡೆ ಕೀಳುವ ಯಂತ್ರ

"ಗುರುಗಳೇ, ಭಯವನ್ನು ಗೆಲ್ಲುವುದು ಹೇಗೆ?" ಎಂದು ಶಿಷ್ಯನು ಕೇಳಿದನು. "ಯಾವ ಕೆಲಸಕ್ಕೆ ಕೈಹಾಕಿದರೂ ಮೊದಲು ಎದೆ ನಡುಗುತ್ತದೆ. ನನಗೇ ನಾಚಿಕೆಯಾಗುತ್ತದೆ."

ಗುರುಗಳು ಹೇಳಿದರು:

ಒಬ್ಬ ರೈತನಿದ್ದನು. ಅವನಲ್ಲಿ ಆಲೂಗಡ್ಡೆ ಕೀಳುವ ಯಂತ್ರವೊಂದಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಅದರ ಅಲಗು ನೆಲವನ್ನು ಸೀಳುತ್ತಿತ್ತು. ಕಬ್ಬಿಣದ ಸರಳುಗಳ ಸರಪಳಿ ಗಡ್ಡೆಗಳನ್ನು ಮೇಲೆತ್ತಿ ಮಣ್ಣು ಉದುರಿಸುತ್ತಿತ್ತು. ರೈತನು ಆ ಸರಪಳಿಗೆ ಹೆದರುತ್ತಿದ್ದನು. ಪ್ರತಿ ವರ್ಷ ಯಂತ್ರವನ್ನು ಸಜ್ಜುಮಾಡುವಾಗ ಟ್ರ್ಯಾಕ್ಟರನ್ನು ನಿಲ್ಲಿಸಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ಆಮೇಲೆಯೇ ಅದನ್ನು ಮುಟ್ಟುತ್ತಿದ್ದನು. ಊರವರು ನಗುತ್ತಿದ್ದರು. ನಗುವವರು ನಗಲಿ ಎಂದು ಅವನು ಬಿಟ್ಟುಬಿಡುತ್ತಿದ್ದನು.

ಒಂದು ವರ್ಷ ಬೆಳೆ ಚೆನ್ನಾಗಿ ಬಂದಿತು. ಇನ್ನೇನು ಕೀಳಬೇಕು ಎನ್ನುವಾಗ ಪಡುವಣದಲ್ಲಿ ಮೋಡ ಕಟ್ಟಿತು. ಮಳೆ ಹಿಡಿದರೆ ಗಡ್ಡೆ ಮಣ್ಣಿನಲ್ಲೇ ಕೊಳೆಯುತ್ತದೆ. ಹಿಂದೊಮ್ಮೆ ಹಾಗೆ ಕೊಳೆತ ಹೊಲದ ನಾತವನ್ನು ಅವನು ಮರೆತಿರಲಿಲ್ಲ.

ಗಂಡಹೆಂಡಿರು ಯಂತ್ರವನ್ನು ಹೊರಗೆಳೆದರು. ಅಲಗು ಮಸೆದರು, ಗ್ರೀಸು ತುಂಬಿದರು, ಸಡಿಲವಾದ ಬೋಲ್ಟುಗಳನ್ನು ಬಿಗಿದರು. ಟ್ರ್ಯಾಕ್ಟರಿನ ಬ್ಯಾಟರಿ ಸೋತಿತ್ತು. ನೆರೆಯವರು ಬಂದು ತಳ್ಳಿದ ಮೇಲೆ ಅದು ಶುರುವಾಯಿತು. ಅವರಿಗೂ ಮಳೆಯ ಭಯ. ತಮ್ಮ ತಮ್ಮ ಹೊಲಗಳಿಗೆ ಓಡಿದರು.

ಸರಪಳಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಕಟಕಟ ಸದ್ದು ಮಾಡಿತು. ಸರಳುಗಳ ನಡುವೆ ಕಲ್ಲೊಂದು ಸಿಕ್ಕಿಕೊಂಡಿತ್ತು. ರೈತನು ಗೇರು ತಪ್ಪಿಸಿ, ಸರಪಳಿ ನಿಂತ ಮೇಲೆ ಕೆಳಗಿಳಿದನು. ಎಂಜಿನ್ ಓಡುತ್ತಲೇ ಇತ್ತು.

ಹೆಂಡತಿ ಕೈ ಚಾಚಿದಳು. "ಎಂಜಿನ್ ನಿಲ್ಲಿಸಿ, ಕೀಲಿ ಕೊಡಿ."

"ನಿಲ್ಲಿಸಿದರೆ ಮತ್ತೆ ತಳ್ಳುವುದಕ್ಕೆ ಯಾರನ್ನು ಕರೆಯಲಿ? ಆ ಮೋಡ ನೋಡೇ! ಗೇರು ತಪ್ಪಿಸಿದ್ದೇನಲ್ಲ, ಸಾಕು."

"ಬೇಡ ಅಂದರೆ ಬೇಡ. ನನಗೆ ಭಯವಾಗುತ್ತಿದೆ."

ಅವನು ಆಕೆಯ ಮುಖ ನೋಡಲಿಲ್ಲ, ಮೋಡವನ್ನೇ ನೋಡಿದನು. ಬಗ್ಗಿ ಸರಳುಗಳ ನಡುವೆ ಕೈಯಿಟ್ಟನು. ಎಂಜಿನ್ನಿನ ಅದುರಾಟಕ್ಕೆ ಗೇರಿನ ಹಿಡಿ ತಾನಾಗಿ ಜಾರಿ ಮತ್ತೆ ಗೇರಿಗೆ ಬಿತ್ತು. ಸರಪಳಿ ಹೊರಳಿತು. ಮೊದಲು ಅಂಗಿಯ ತೋಳು ಒಳಗೆ ಹೋಯಿತು. ಹೆಂಡತಿ ಕೂಗುತ್ತಾ ಟ್ರ್ಯಾಕ್ಟರ್ ಹತ್ತಿ ಎಂಜಿನ್ ನಿಲ್ಲಿಸಿದಳು. ಆಮೇಲೆ ಹೊಲದಲ್ಲಿ ಕೇಳಿಸಿದ್ದು ಅವನ ಕೂಗೊಂದೇ.

ರೈತನು ಬದುಕಿದನು. ಬಲಗೈ ಉಳಿಯಲಿಲ್ಲ. ನಗುತ್ತಿದ್ದ ಊರವರೇ ಗುದ್ದಲಿ ಹಿಡಿದು ಬಂದು ಅವನ ಗಡ್ಡೆಯನ್ನೆಲ್ಲ ಅಗೆದು ಮನೆಗೆ ಸೇರಿಸಿದರು. ಒಂದೂ ಕೊಳೆತಿರಲಿಲ್ಲ. ಆ ಮೋಡ ಎತ್ತಲೋ ಚದರಿಹೋಗಿತ್ತು.

ಗುರುಗಳು ನಿಲ್ಲಿಸಿದರು. ಶಿಷ್ಯನು ಕೇಳಿದನು:

"ಅಷ್ಟು ವರ್ಷ ಹೆದರಿದವನು ಅಂದು ಏಕೆ ಹೆದರಲಿಲ್ಲ, ಗುರುಗಳೇ?"

"ಅಂದು ಅವನು ಒಂದು ಭಯವನ್ನು ಗೆದ್ದಿದ್ದನು, ಮಗು, ಗೆಲ್ಲಬೇಕಾಗಿದ್ದದ್ದು ಇನ್ನೊಂದನ್ನು."