ಸಿಹಿಯಾದ ಪುಡಿ

"ಅಯ್ಯನವರೇ, ‘ಕಪೇಲೇವೊ’ ಎಂದರೆ ಗ್ರೀಕಿನಲ್ಲಿ ಅಂಗಡಿ ವ್ಯಾಪಾರ ಮಾಡುವುದು ತಾನೇ? ದೇವರ ವಾಕ್ಯವನ್ನು ನಾವು ಹಾಗೆ ಮಾರುವವರಲ್ಲ ಎಂದು ಅಪೊಸ್ತಲನು ಯಾಕೆ ಬರೆದ? ವ್ಯಾಪಾರ ಅಷ್ಟು ಕೆಟ್ಟದ್ದೇ?" ಎಂದು ಜೀವರತ್ನ ಕೇಳಿದ.

ಅವನು ಎಲೀಷ ಅಯ್ಯನವರ ಬಳಿ ಗ್ರೀಕ್ ಕಲಿಯುತ್ತಿದ್ದ, ಭಾನುವಾರ ಸಭೆಗೆ ಬೋಧಿಸುತ್ತಿದ್ದ. ಕಳೆದ ಭಾನುವಾರ ಹೆಂಡತಿಯನ್ನು ಹೊಡೆಯುವವರ ಬಗ್ಗೆ ಖಾರವಾಗಿ ಬರೆದುಕೊಂಡು ಹೋಗಿದ್ದ. ಅಂಥವನೇ ಒಬ್ಬ ಮುಂದಿನ ಸಾಲಿನಲ್ಲಿ ಕೂತಿದ್ದ, ಅಯ್ಯನವರೂ ಸಭೆಯಲ್ಲಿದ್ದರು. ಪಾಪ, ಎಲ್ಲರೆದುರು ಯಾಕೆ ನೋಯಿಸುವುದು ಎಂದು ಜೀವರತ್ನ ಮಾತನ್ನು ಮೆತ್ತಗೆ ಮಾಡಿದ್ದ. ಬೋಧನೆ ಚೆನ್ನಾಗಿತ್ತು ಎಂದು ಆ ಮನುಷ್ಯನೇ ಕೈಕುಲುಕಿದ್ದ.

"ವ್ಯಾಪಾರ ಕೆಟ್ಟದ್ದೆಂದು ಯಾರಪ್ಪಾ ಹೇಳಿದ್ದು? ಆ ಮಾತಿಗೆ ಕಲಬೆರಕೆ ಮಾಡಿ ಮಾರುವುದು ಎಂಬ ಅರ್ಥವೂ ಇದೆ. ಸುಮ್ಮನೆ ಕೂತು ಕೇಳು ಮಹಾರಾಯ" ಎಂದು ಅಯ್ಯನವರು ಕತೆ ಶುರುಮಾಡಿದರು.

ಒಬ್ಬ ಔಷಧಿ ವ್ಯಾಪಾರಿ ಇದ್ದ. ಬಲು ಮೆದು ಮನಸ್ಸಿನವನು. ಮಳೆಗಾಲದ ಜ್ವರಕ್ಕೆ ಅವನಲ್ಲಿ ಒಂದು ತೊಗಟೆಯ ಪುಡಿ ಇತ್ತು. ಅಬ್ಬಾ, ಅದರ ಕಹಿಯೋ ಕಹಿ! ಆದರೆ ತಿಂದವರು ಬದುಕುತ್ತಿದ್ದರು.

ಒಂದು ದಿನ ಒಬ್ಬ ಮುದುಕಿ, "ಮೊಮ್ಮಗು ಉಗುಳಿಬಿಡುತ್ತದಪ್ಪಾ" ಎಂದು ಅತ್ತಳು. ಅವನ ಕರುಳು ಚುರ್ ಎಂದಿತು. ಚೂರು ಸಕ್ಕರೆ, ಚೂರು ಅಕ್ಕಿಹಿಟ್ಟು ಬೆರೆಸಿಕೊಟ್ಟ. ಮರುದಿನದಿಂದ ಎಲ್ಲರಿಗೂ ಅದೇ ಬೇಕಾಯಿತು. ಕೇಳಿದವರಿಗೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ದಿನಕ್ಕಿಷ್ಟು ಹಿಟ್ಟು ಹೆಚ್ಚಾಯಿತು. ಕೊನೆಗೆ ಇದ್ದ ಪುಡಿಯನ್ನೆಲ್ಲ ಬೆರೆಸಿಟ್ಟ. ಆ ವರ್ಷ ಸಾವು ಹೆಚ್ಚಾದವು. ಜ್ವರವೇ ಜೋರಾಗಿದೆ ಎಂದುಕೊಂಡ. ಸತ್ತವರ ಮನೆಗೆಲ್ಲ ಹೋಗಿ ನಿಜವಾಗಿಯೂ ಅತ್ತ.

ಆಮೇಲೆ ಅವನ ಮಗಳಿಗೇ ಜ್ವರ ಬಂತು. ಅಂಗಡಿಗೆ ಓಡಿದ. ಒಂದು ಡಬ್ಬಿ ತೆಗೆದು ಚಿಟಿಕೆ ಪುಡಿ ನಾಲಿಗೆಗೆ ಇಟ್ಟ. ಸಿಹಿ. ಇನ್ನೊಂದನ್ನು ತೆಗೆದ. ಅದೂ ಸಿಹಿ. ತೊಗಟೆ ತರೋಣವೆಂದರೆ ಕಾಡು ಹೊಳೆಯಾಚೆ, ಹೊಳೆ ತುಂಬಿ ಹರಿಯುತ್ತಿತ್ತು. ಇದ್ದುದನ್ನೇ ತಿನ್ನಿಸಿದ.

"ಚೆನ್ನಾಗಿದೆ ಅಪ್ಪಾ, ಇನ್ನೂ ಸ್ವಲ್ಪ ಕೊಡು" ಎಂದಳು ಮಗಳು.

ಮೂರನೆಯ ದಿನ ತೀರಿಕೊಂಡಳು.

ಜೀವರತ್ನನಿಗೆ ಸಂಕಟವಾಯಿತು. "ಆದರೂ ಅಯ್ಯನವರೇ, ಅವನು ಲಾಭಕ್ಕೆಂದು ಬೆರೆಸಲಿಲ್ಲವಲ್ಲ. ಕನಿಕರದಿಂದ ತಾನೇ?"

"ಹೌದಪ್ಪಾ. ಭಾನುವಾರ ನಿನ್ನ ಕೈಕುಲುಕಿದನಲ್ಲ, ಆ ಮನುಷ್ಯನ ಹೆಂಡತಿಯೂ ಬಂದಿದ್ದಳು, ಮುಖಕ್ಕೆ ಸೆರಗು ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು."