ಕಾಣದ ಮಗ್ಗಲು

ದಕ್ಷಿಣ ಧ್ರುವದ ಹಿಮನಾಡಿನಿಂದ ಮರಳಿದ ಶಾಂಭವಿ ಮೊದಲು ಬಂದದ್ದು ಕೃಷ್ಣೆಯ ದಡದ ಆಶ್ರಮಕ್ಕೆ.

ಪಾಟಿ ಕೊಳ್ಳಲು ಗತಿಯಿಲ್ಲದ ಕಾಲದಲ್ಲಿ ಇದೇ ದಡದ ಮರಳಿನ ಮೇಲೆ ಆಶ್ರಮದ ಗುರು ಅಜ್ಜಾರು ಅವಳ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದರು. ರೊಟ್ಟಿ ಸುಡುವ ವಾಸನೆ ಬಂದರೆ ಸಾಕು, ತಿದ್ದುವುದು ಬಿಟ್ಟು ಒಲೆಯತ್ತ ಓಡುತ್ತಿದ್ದಳು. ಈಗ ಅಜ್ಜಾರಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

“ಬಂದೇನs ರೊಟ್ಟಿಗಳ್ಳಿ? ಆ ಹಿಮದಾಗ ಯಾರು ರೊಟ್ಟಿ ಬಡದು ಕೊಟ್ರು?”

“ಯಾರೂ ಇಲ್ರಿ, ಅಜ್ಜಾರ. ಆದ್ರ ಯಾರೂ ಹತ್ತದ ಒಂದು ಶಿಖರದ ನಕ್ಷೆ ಬರದೀನಿ. ಹೆಸರಿಡೋದು ನನಗs ಬಿಟ್ಟಾರ. ನಾಳೆ ಕಳಸಬೇಕು. ನಿಮ್ಮ ಹೆಸರಿಡ್ತೀನಿ.”

“ಏನಂತ? ಹೇಳು, ಕೇಳೂಣು.”

ಶಾಂಭವಿ ತುಟಿ ಕಚ್ಚಿದಳು. ಆ ಆಶ್ರಮದಲ್ಲಿ ಶಿಷ್ಯರು ಗುರುವಿನ ಹೆಸರೆತ್ತುವುದಿಲ್ಲ.

“ನಿನ್ನ ಬಾಯಾಗs ಬರವಲ್ದು. ನಾಳೆ ಹತ್ತಾವ್ರು ಬೂಟುಗಾಲಲೆ ನನ್ನ ನೆತ್ತಿ ಮ್ಯಾಲೆ ನಿಂತು ಫೋಟೋ ತಗಸ್ಕೋತಾರ!”

ಅಜ್ಜಾರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಅವಳು ನಗಲಿಲ್ಲ.

“ನಿಮಗ ಮಠ ಇಲ್ಲ, ಪೀಠ ಇಲ್ಲ. ನೀವು ಹೋದ ಮ್ಯಾಲೆ ನಿಮ್ಮ ಹೆಸರು ಎಲ್ಲಿ ಉಳೀತೈತ್ರಿ?”

ಅಜ್ಜಾರು ಎದುರಿನ ಮರಳನ್ನು ತಟ್ಟಿದರು. “ಆ ಗುಡ್ಡ ನನಗ ತೋರಸು.”

ಅವಳು ಹಸಿ ಮರಳು ಬಾಚಿ ಶಿಖರ ಕಟ್ಟಿದಳು. ಅವರ ಕೈ ಹಿಡಿದು ಅದರ ಮೇಲಿಟ್ಟಳು.

ಮುದಿ ಬೆರಳುಗಳು ಮೆಲ್ಲಗೆ ಏರಿದವು.

“ಇಲ್ಲಿ ಭಾಳ ಕಡಿದೈತಿ.”

“ಹೌದ್ರಿ. ಅಲ್ಲಿ ಹಿಮಾನೂ ನಿಲ್ಲಂಗಿಲ್ಲ.”

“ಇದು ತಗ್ಗು.”

“ಅಲ್ಲೇ ಡೇರೆ ಹಾಕಿದ್ವಿ. ಗಾಳಿ ಬೀಸಿದಾಗೆಲ್ಲ ಈ ಹೊಳಿ ನೆನಪಾಗ್ತಿತ್ತು.”

ಬೆರಳುಗಳು ಹಿಂಬದಿಗೆ ಇಳಿದು ನಿಂತವು. “ಈ ಕಡೆ ಎಷ್ಟು ನುಣ್ಣಗೈತಿ!”

“ಆ ಮಗ್ಗಲು ನಾ ನೋಡಿಲ್ರಿ. ಮೋಡ ಸರೀಲೇ ಇಲ್ಲ.”

“ನಕ್ಷೆದಾಗ?”

ಶಾಂಭವಿಯ ದನಿ ಇಳಿಯಿತು. “ಹಿಂಗಿರಬಹುದು ಅಂತ ಗೆರಿ ಎಳದೀನಿ.”

ಅಜ್ಜಾರು ಆ ಬದಿಯ ಮರಳನ್ನು ಅಂಗೈಯಿಂದ ಸರಿಸಿ ನೆಲಸಮ ಮಾಡಿದರು.

ಅವಳು ಆ ಬರಿ ಜಾಗದ ಮೇಲೆ ಬೆರಳಾಡಿಸಿದಳು.

“ಗೆರಿ ಅಳಸ್ತೀನ್ರಿ. ಅಷ್ಟು ಜಾಗ ಖಾಲಿ ಬಿಟ್ಟs ಕಳಸ್ತೀನಿ.” ಅವರತ್ತ ಬಾಗಿದಳು. “ಆದ್ರ ಹೆಸರು?”

ಅಜ್ಜಾರು ಕೈಗೆ ಮೆತ್ತಿದ್ದ ಮರಳು ಕೊಡವಿದರು.

“ಅದೂ ಖಾಲಿ ಇರ್ಲಿ. ಮತ್ತ ಹೋಗು. ಆ ಮಗ್ಗಲು ನೋಡಿ ಬಂದು ನನಗ ಹೇಳು. ಅಲ್ಲೀತನಕ ನಾ ಎಲ್ಲಿಗೂ ಹೋಗಂಗಿಲ್ಲ.”